ಹಂದರ ಬದಲಾದಾಗ ಹರಿಹರದ ಪಟ್ಟಿ ತಲೆಕೆಳಗಾದದ್ದು

ನಾನು ನಿವೃತ್ತಳಾದ ದಿನ ಕಾಲೇಜಿನವರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿತ್ತು, ನನ್ನನ್ನು ‘ಸಂಸ್ಥೆಯ ಬೆನ್ನೆಲುಬು’ ಎಂದು ಕರೆದರು. ಮೈಕು ಹಿಡಿದು ಹಾಗೆ ಹೊಗಳಿದ ಮಹಾನುಭಾವರೇ ಹಿಂದಿನ ವಾರ ಕಾರಿಡಾರಿನಲ್ಲಿ ಎದುರಾಗಿ, ‘ಮೇಡಂ, ನೀವು ಲೈಬ್ರರಿಯೋರಲ್ವಾ?’ ಎಂದು ಕೇಳಿದ್ದರು. ಮೂವತ್ತು ವರ್ಷ ಮಾಡಿದ ಕೆಲಸ ಏನೆಂದು ಪಕ್ಕದ ಕೋಣೆಯವರಿಗೇ ಗೊತ್ತಿಲ್ಲದ ಮೇಲೆ, ನಾನೇ ಬರೆದಿಡದೆ ಬೇರೆ ದಾರಿಯಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವ ಮಕ್ಕಳೇ, ಇದು ನಿಮಗಾಗಿ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾಕೆ ತಡವಾಯಿತು ಎಂಬುದನ್ನೆಲ್ಲ ಇಲ್ಲಿ ಹುಡುಕಬೇಡಿ. ನನ್ನ ಅತಿ ದೊಡ್ಡ ಎಡವಟ್ಟಿನ ಕಥೆ ಹೇಳುತ್ತೇನೆ. ಅದರಲ್ಲಿ ಕಲಿಯುವುದು ಜಾಸ್ತಿ ಇದೆ.

ದಾವಣಗೆರೆಯ ವಿದ್ಯಾನಗರದ ಒಂದು ಕಾಲೇಜಿನ ಕಂಪ್ಯೂಟರ್ ಸೆಂಟರಿನಲ್ಲಿ ನಾನು ಪ್ರೋಗ್ರಾಮರ್. ಅದು ಸಂಬಳದ ಕೆಲಸ. ಸಂಬಳವಿಲ್ಲದ ಇನ್ನೊಂದು ಕೆಲಸವನ್ನು ತೊಂಬತ್ತರ ದಶಕದ ಕೊನೆಯಲ್ಲಿ ಮೈಮೇಲೆ ಎಳೆದುಕೊಂಡೆ. ಅದು ಲಿನಕ್ಸ್. ಕಂಪ್ಯೂಟರನ್ನು ನಡೆಸುವ ಈ ವ್ಯವಸ್ಥೆಯನ್ನು ಜಗತ್ತಿನ ಸಾವಿರಾರು ಜನ ಪುಕ್ಕಟೆಯಾಗಿ ಬರೆಯುತ್ತಿದ್ದರು. ಅವರೆಲ್ಲ ಬರೆದದ್ದನ್ನು ಒಟ್ಟುಮಾಡಿ, ಒಂದಕ್ಕೊಂದು ಹೊಂದಿಸಿ, ಜನರಿಗೆ ಮುಟ್ಟಿಸುವ ತಂಡಗಳೂ ಇದ್ದವು. ಅಂಥ ಒಂದು ತಂಡದಲ್ಲಿ ನಾನಿದ್ದೆ. ಒಂದೊಂದು ಪ್ರೋಗ್ರಾಮನ್ನೂ ನೋಡಿಕೊಳ್ಳಲು ಒಬ್ಬೊಬ್ಬ ಪಾಲಕ. ತಂಡದ ಹೆಸರು ಹೇಳುವುದಿಲ್ಲ. ಅವರೆಲ್ಲ ಇನ್ನೂ ಬದುಕಿದ್ದಾರೆ, ಅವರ ಉದ್ದುದ್ದ ಇ-ಮೇಲ್ ಬರೆಯುವ ಚಟವೂ ಬದುಕಿದೆ.

ನಮ್ಮ ವಿಭಾಗದ ಮುಖ್ಯಸ್ಥರಿಗೆ, ಅಂದರೆ ಹೆಡ್ ಸರ್‌ಗೆ, ಇದನ್ನು ವಿವರಿಸಲು ಹೋದದ್ದು ನನ್ನ ಮೊದಲ ತಪ್ಪು.

‘ಪುಕ್ಕಟೆ ಕೊಡ್ತಾರೇನ್ರಿ? ಯಾಕ ಕೊಡ್ತಾರ?’ ಎಂದರು.

‘ಅವರಿಗೆ ಖುಷಿ ಸರ್.’

‘ಖುಷಿಗೆ ಯಾರಾದ್ರೂ ಕೆಲ್ಸ ಮಾಡ್ತಾರೇನ್ರಿ ಸುಮಂಗಲಾ? ಏನೋ ಐತೆ ಒಳಗ. ನೀವು ಹುಷಾರಾಗಿರ್ರಿ.’

ಆ ವರ್ಷಗಳಲ್ಲಿ ಹೆಡ್ ಸರ್‌ಗೆ ಎರಡೇ ಭಯ. ಒಂದು, ಎರಡು ಸಾವಿರದ ಇಸವಿ ಬಂದ ಕೂಡಲೇ ಕಂಪ್ಯೂಟರುಗಳೆಲ್ಲ ಸ್ಫೋಟವಾಗುತ್ತವೆ ಎಂಬುದು. ಇನ್ನೊಂದು, ಯಾರಾದರೂ ಆಫೀಸಿನ ಫೋನಿನಿಂದ ಎಸ್‌ಟಿಡಿ ಮಾಡುತ್ತಾರೆ ಎಂಬುದು. ಮೊದಲನೆಯದಕ್ಕೆ ಅವರು ಪ್ರತಿ ಕಂಪ್ಯೂಟರಿಗೂ ಕುಂಕುಮ ಹಚ್ಚಿಸಿದ್ದರು. ಎರಡನೆಯದಕ್ಕೆ ಫೋನಿಗೆ ಬೀಗ ಹಾಕಿಸಿ, ಕೀಲಿಯನ್ನು ಜನಿವಾರದಷ್ಟು ಭಕ್ತಿಯಿಂದ ಕೊರಳಿಗೆ ಹಾಕಿಕೊಂಡಿದ್ದರು. ನಮ್ಮ ಇ-ಮೇಲ್ ಬರುತ್ತಿದ್ದದ್ದು ಅದೇ ಫೋನಿನ ತಂತಿಯಲ್ಲಿ. ಅವರು ಬಂದು, ಪೇಪರ್ ಓದಿ ಮುಗಿಸಿ, ಬೀಗ ತೆಗೆದ ಮೇಲೆ ನನಗೆ ದಿನಕ್ಕೆ ಅರ್ಧ ಗಂಟೆ ಜಗತ್ತು ಸಿಗುತ್ತಿತ್ತು. ಆ ಅರ್ಧ ಗಂಟೆಯಲ್ಲೇ ಅವರ ಶ್ರೀಮತಿಯವರು ಪಿ.ಜೆ. ಬಡಾವಣೆಯ ಮನೆಯಿಂದ ಫೋನ್ ಮಾಡಲು ಶುರುಮಾಡುತ್ತಿದ್ದರು. ಲೈನ್ ಸಿಗದೆ ಕಡೆಗೆ ಪಕ್ಕದ ವಿಭಾಗಕ್ಕೆ ಮಾಡುತ್ತಿದ್ದರು, ಅಲ್ಲಿಯ ಜವಾನ ಓಡಿ ಬರುತ್ತಿದ್ದ: ‘ಮೇಡಮ್ಮಾರ, ಅಮ್ಮೋರು ಫೋನ್ ಇಡಾಕ ಹೇಳ್ಯಾರ, ಸಾಹೇಬ್ರು ತರಕಾರಿ ತರ್ಬೇಕಂತೆ.’ ಜಗತ್ತಿನ ಜೊತೆ ನನ್ನ ಸಂಪರ್ಕ ಎಷ್ಟೋ ಸಲ ಬದನೆಕಾಯಿಯ ಕಾರಣಕ್ಕೆ ಕಡಿದು ಹೋಗಿದೆ.

ಇನ್ನು ಹಂದರದ ವಿಷಯ. ವೆಬ್ ಪುಟ ಮಾಡುವವರಿಗೆ ಪ್ರತಿ ಸಲವೂ ಕಂಬ ನೆಟ್ಟು, ಗಳ ಕಟ್ಟುವ ಕೆಲಸ ತಪ್ಪಲೆಂದು ಒಂದು ಸಿದ್ಧ ಚೌಕಟ್ಟು ಇರುತ್ತದೆ. ಮದುವೆ ಮನೆಯವರು ಹಂದರ ಹಾಕಿಸಿಕೊಂಡು ಹೂವು ಮಾತ್ರ ತಾವು ಕಟ್ಟುತ್ತಾರಲ್ಲ, ಹಾಗೆ. ನಮ್ಮ ಲಿನಕ್ಸಿನಲ್ಲೂ ಅಂಥದೊಂದಿತ್ತು. ಅದರ ಇಂಗ್ಲಿಷ್ ಹೆಸರು ನಾಲಿಗೆಗೆ ಹೊರಳದ ಕಾರಣ ನಾನು ಅದನ್ನು ಹಂದರ ಎಂದೇ ಕರೆದೆ. ಅದರ ಮೇಲೆ ನಲವತ್ತೊಂದು ಪ್ರೋಗ್ರಾಮುಗಳು ನಿಂತಿದ್ದವು. ಒಂದು ವರ್ಷ ಹಂದರದ ಹೊಸ ಆವೃತ್ತಿ ಬಂತು. ಹಳೆಯದೂ ಹೊಸದೂ ಒಂದೇ ಕಂಪ್ಯೂಟರಿನಲ್ಲಿ ಇರುವ ಹಾಗಿಲ್ಲ. ಬದಲಿಸಿದರೆ ನಲವತ್ತೊಂದೂ ಒಟ್ಟಿಗೆ ಬದಲಾಗಬೇಕು. ನಲವತ್ತೊಂದು ಪ್ರೋಗ್ರಾಮಿಗೆ ನಲವತ್ತೊಂದು ಪಾಲಕರು, ಒಬ್ಬರ ಮುಖ ಒಬ್ಬರು ನೋಡಿದವರಲ್ಲ.

‘ಇದನ್ನು ಯಾರಾದರೂ ಒಬ್ಬರು ಕೂತು ಸರಿಯಾಗಿ ನಡೆಸಬೇಕಪ್ಪ’ ಎಂದು ತಂಡಕ್ಕೆ ಒಂದು ಪತ್ರ ಬರೆದೆ. ನಮ್ಮ ಓಣಿಯಲ್ಲಿ ‘ಈ ಸಲ ಗಣಪತಿ ಪಟ್ಟಿ ಯಾರು ಎತ್ತುತ್ತಾರೆ?’ ಎಂದು ಕೇಳಿದವನ ಕೈಗೇ ರಸೀದಿ ಪುಸ್ತಕ ಕೊಡುತ್ತಾರೆ. ತಂಡದ ಹೆಚ್ಚಿನವರಿದ್ದ ಯುರೋಪಿನಲ್ಲೂ ಅದೇ ಪದ್ಧತಿ ಎಂದು ನನಗೆ ಗೊತ್ತಿರಲಿಲ್ಲ. ಮರುದಿನ ಬೀಗ ತೆಗೆದಾಗ ನೋಡುತ್ತೇನೆ, ತಂಡದ ಯಜಮಾನ ನನ್ನನ್ನೇ ಸಂಯೋಜಕಿ ಎಂದು ಘೋಷಿಸಿ, ಹನ್ನೆರಡು ಜನ ಅಭಿನಂದಿಸಿ ಆಗಿತ್ತು.

ನನಗೆ ಗೊತ್ತಿದ್ದ ಆಡಳಿತ ಪದ್ಧತಿ ಒಂದೇ: ಸುತ್ತೋಲೆ. ನಮ್ಮ ಕಾಲೇಜಿನಲ್ಲಿ ಜವಾನ ನೋಟಿಸ್ ಪುಸ್ತಕ ಹಿಡಿದು ಬರುತ್ತಾನೆ, ಎಲ್ಲರೂ ಚಹಾ ಕುಡಿಯುತ್ತಲೇ ‘ನೋಡಿದೆ’ ಎಂದು ಗೀಚಿ ಸಹಿ ಹಾಕುತ್ತಾರೆ. ಓದುವವರು ಯಾರೂ ಇಲ್ಲ. ಒಮ್ಮೆ ‘ಬರುವ ಭಾನುವಾರ ಎಲ್ಲರೂ ಕಡ್ಡಾಯವಾಗಿ ಹಾಜರಿರತಕ್ಕದ್ದು’ ಎಂಬ ಸುತ್ತೋಲೆಗೆ ಐವತ್ತು ಜನ ಸಹಿ ಹಾಕಿದ್ದರು. ಭಾನುವಾರ ಬಂದದ್ದು ಜವಾನ ಒಬ್ಬನೇ, ಅವನಿಗೆ ಓದಲು ಬರುತ್ತಿರಲಿಲ್ಲವಾದ್ದರಿಂದ ಯಾರನ್ನೋ ಕೇಳಿ ತಿಳಿದುಕೊಂಡಿದ್ದ. ಇಷ್ಟೆಲ್ಲ ಕಣ್ಣಾರೆ ಕಂಡ ನಾನೇ ಜಗತ್ತಿಗೆಲ್ಲ ಸುತ್ತೋಲೆ ಹೊರಡಿಸಿದೆ. ಹೊಸ ಹಂದರದಲ್ಲಿ ಏನೇನು ಬದಲಾಗಿದೆ ಎಂದು ಹದಿನಾಲ್ಕು ಅಂಶ ಬರೆದು, ‘ನಿಮ್ಮ ಪ್ರೋಗ್ರಾಮನ್ನು ಪರೀಕ್ಷಿಸಿ ಉತ್ತರಿಸಿ’ ಎಂದು ಕಳಿಸಿದೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಲವತ್ತೊಂದು ಹೆಸರು ಬರೆದು ಗೋಡೆಗೆ ಅಂಟಿಸಿಕೊಂಡೆ.

ಉತ್ತರಗಳು ಬರತೊಡಗಿದವು. ‘ನೋಡಿದೆ.’ ‘ಚೆನ್ನಾಗಿ ಕಾಣುತ್ತಿದೆ.’ ‘ಏನೂ ತೊಂದರೆಯಿಲ್ಲ ಅನ್ನಿಸುತ್ತದೆ.’ ಒಬ್ಬ ಎರಡು ಚುಕ್ಕಿ, ಒಂದು ಗೀಟು, ಒಂದು ಕಂಸ ಮಾತ್ರ ಹಾಕಿ ಕಳಿಸಿದ. ಪ್ರೋಗ್ರಾಮಿನ ತುಂಡು ಇರಬೇಕೆಂದು ಅರ್ಧ ದಿನ ತಲೆ ಕೆಡಿಸಿಕೊಂಡೆ. ಕಡೆಗೆ ಕತ್ತು ವಾಲಿಸಿ ನೋಡಿದರೆ ನಗುಮುಖ! ಇವೆಲ್ಲಕ್ಕೂ ಕ್ಯಾಲೆಂಡರಿನಲ್ಲಿ ‘ಪರೀಕ್ಷೆ ಆಗಿದೆ’ ಎಂದು ಟಿಕ್ ಹಾಕುತ್ತಾ ಹೋದೆ. ಟಿಕ್ ಹಾಕುವುದರಲ್ಲಿ ಎಂಥ ಸುಖ ಇದೆ ಎಂದು ಆಫೀಸಿನಲ್ಲಿ ಕೆಲಸ ಮಾಡಿದವರಿಗೆ ಮಾತ್ರ ಗೊತ್ತು.

ಜರ್ಮನಿಯ ಒಬ್ಬ ಪಾಲಕ ಮಾತ್ರ ನನ್ನ ಸುಖ ಹಾಳು ಮಾಡಿದ. ‘ಒಂದು: ಪರೀಕ್ಷಿಸಿದೆ. ಎರಡು: ಮೂರು ಕಡೆ ಕೆಟ್ಟಿದೆ. ಮೂರು: ನಿಮ್ಮ ಏಳನೇ ಅಂಶದ ಪ್ರಕಾರ ಹೊಸ ಹಂದರ ಅಂಕಿಗಳನ್ನೂ ಪದಗಳೆಂದೇ ಭಾವಿಸುತ್ತದೆ, ನಾವು ಇದು ಅಂಕಿ ಎಂದು ಬಿಡಿಸಿ ಹೇಳಬೇಕು. ನಾಲ್ಕು: ಇದನ್ನು ಉಳಿದವರು ಗಮನಿಸಿದ್ದಾರೆಯೇ?’ ಎಂದು ಬರೆದ. ಏಳನೇ ಅಂಶ ಬರೆದವಳು ನಾನೇ. ಆದರೆ ಅದನ್ನು ಹೊಸ ಹಂದರದ ಟಿಪ್ಪಣಿಯಿಂದ ಎತ್ತಿ ಹಾಗೇ ಇಳಿಸಿದ್ದೆ, ಅರ್ಥ ಮಾಡಿಕೊಂಡಿರಲಿಲ್ಲ. ‘ಎಲ್ಲರೂ ನೋಡಿದ್ದಾರೆ’ ಎಂದು ಉತ್ತರಿಸಿದೆ. ಎಂಥ ಕಿರಿಕಿರಿ ಮನುಷ್ಯನಪ್ಪಾ ಎಂದು ಬೈದುಕೊಂಡೆ ಬೇರೆ. ನಲವತ್ತೊಂದು ಜನರಲ್ಲಿ ಹೇಳಿದ ಕೆಲಸ ಸರಿಯಾಗಿ ಮಾಡಿದವನು ಅವನೊಬ್ಬನೇ.

ನಲವತ್ತೊಂದರಲ್ಲಿ ಒಂದು ನಮ್ಮದೇ ಹರಿಹರದ ಪ್ರೋಗ್ರಾಮು. ಅಂಕಗಳನ್ನು ಕೊಟ್ಟರೆ ಹೆಚ್ಚಿನವರಿಂದ ಕಡಿಮೆಯವರವರೆಗೆ ಪಟ್ಟಿ ಮಾಡಿ ವೆಬ್ ಪುಟದಲ್ಲಿ ತೋರಿಸುತ್ತಿತ್ತು. ಬರೆದವರು ತಿಪ್ಪೇಸ್ವಾಮಿ. ಹರಿಹರದ ಒಂದು ಖಾಸಗಿ ತರಬೇತಿ ಸಂಸ್ಥೆಯಲ್ಲಿ ಕಂಪ್ಯೂಟರ್ ಹೇಳಿಕೊಡುತ್ತಿದ್ದರು, ವಯಸ್ಸು ನಲವತ್ತರ ಹತ್ತಿರ. ಅವರ ಪ್ರೋಗ್ರಾಮನ್ನು ಹಟ ಹಿಡಿದು ನಮ್ಮ ಲಿನಕ್ಸಿಗೆ ಸೇರಿಸಿದವಳು ನಾನು. ಎಲ್ಲೋ ಹಿಮ ಬೀಳುವ ದೇಶದ ಒಂದು ಚೆಸ್ ಕ್ಲಬ್ಬಿನವರೂ ಅದನ್ನು ಬಳಸುತ್ತಿದ್ದರು. ತಿಪ್ಪೇಸ್ವಾಮಿಯವರಲ್ಲಿ ಇ-ಮೇಲ್ ಇರಲಿಲ್ಲ. ನಾನು ಪತ್ರಗಳನ್ನು ಪ್ರಿಂಟ್ ಮಾಡಿ, ಪ್ರೋಗ್ರಾಮುಗಳನ್ನು ಫ್ಲಾಪಿಗೆ ಹಾಕಿ, ಹರಿಹರದ ಬಸ್ ಕಂಡಕ್ಟರ್ ಕೈಗೆ ಕೊಡುತ್ತಿದ್ದೆ. ಕಂಡಕ್ಟರ್ ಅದನ್ನು ಡ್ರೈವರ್ ಪಕ್ಕದ ಎಂಜಿನ್ ಮೇಲೆ ಇಡುತ್ತಿದ್ದ. ಎರಡು ಫ್ಲಾಪಿ ಹಪ್ಪಳವಾದ ಮೇಲೆ ಜೇಬಿನಲ್ಲಿ ಇಟ್ಟುಕೊಳ್ಳಲು ಒಪ್ಪಿದ. ಆಮೇಲೆ ಬಂದ ಫ್ಲಾಪಿಗಳಲ್ಲಿ ಮಂಡಕ್ಕಿ ಒಗ್ಗರಣೆಯ ಎಣ್ಣೆ ಇರುತ್ತಿತ್ತು.

ತಿಪ್ಪೇಸ್ವಾಮಿ ಆ ಸಂಸ್ಥೆಯಲ್ಲಿ ಹನ್ನೊಂದು ವರ್ಷದಿಂದ ಹಂಗಾಮಿ. ಕಾನೂನಿನ ಕಣ್ಣಿಗೆ ನಿರಂತರ ಸೇವೆ ಎಂದು ಕಾಣಬಾರದಲ್ಲ, ಅದಕ್ಕೆ ವರ್ಷಕ್ಕೊಂದು ದಿನ ಅವರನ್ನು ಕೆಲಸದಿಂದ ತೆಗೆದು ಮರುದಿನ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ತೆಗೆದುಹಾಕಿದ ದಿನವೂ ಲ್ಯಾಬಿನ ಬೀಗ ತೆಗೆಯಲು ಅವರೇ ಬರಬೇಕಾಗಿತ್ತು. ಬರುತ್ತಿದ್ದರು ಕೂಡ.

‘ನನ್ನ ಮಗಳು ಶಾಲಿ ಫಾರಂನಾಗ ತಂದೆಯ ಉದ್ಯೋಗ ಅಂತಿರೋ ಕಡೆ ಹಂಗಾಮಿ ಅಂತ ಬರೀತಾಳ್ರಿ ಮೇಡಂ,’ ಎಂದು ಒಮ್ಮೆ ಹೇಳಿದರು. ‘ಡಾಕ್ಟರ್, ವಕೀಲ ಇದ್ದಂಗ ಅದೂ ಒಂದು ಉದ್ಯೋಗ ಅಂದ್ಕಂಡಾಳೆ.’ ಹೇಳಿ ನಕ್ಕರು. ನನಗೆ ನಗಲಾಗಲಿಲ್ಲ.

ಆ ವರ್ಷ ಸಂಸ್ಥೆಯ ಆಡಳಿತ ಮಂಡಳಿ ಒಂದು ಕಾಯಂ ಹುದ್ದೆ ಮಂಜೂರು ಮಾಡಿತು. ಪ್ರವೇಶ ಪರೀಕ್ಷೆಯ ಪಟ್ಟಿಯನ್ನು ತಿಪ್ಪೇಸ್ವಾಮಿ ಕಂಪ್ಯೂಟರಿನಲ್ಲೇ ಮಾಡಿ ಒಂದು ಶನಿವಾರ ಮಂಡಳಿಯ ಮುಂದೆ ತೋರಿಸಬೇಕು, ಮೆಚ್ಚುಗೆಯಾದರೆ ಅಲ್ಲೇ ಕಾಯಂ ಆದೇಶಕ್ಕೆ ಸಹಿ ಎಂದು ಹೇಳಿಕಳಿಸಿದರು. ತಿಪ್ಪೇಸ್ವಾಮಿ ನನ್ನ ಹತ್ತಿರ ಬಂದರು. ‘ಮೇಡಂ, ಹಳೇ ಹಂದರದ ಮ್ಯಾಲೇ ತೋರಿಸ್ಲೇನ್ರಿ? ಅದು ನನಗೆ ಗೊತ್ತಿರೋದು.’

ನನಗೋ, ಸಂಯೋಜಕಿಯ ಅಮಲು. ‘ಏ, ಬ್ಯಾಡ್ರಿ. ಹೊಸದರ ಮ್ಯಾಲೇ ತೋರಿಸ್ರಿ. ಬಣ್ಣ ಚೆಂದ ಐತೆ, ಗೆರೆ ಚೆಂದ ಐತೆ. ದೊಡ್ಡೋರು ಬಣ್ಣ ನೋಡ್ತಾರೆ’ ಎಂದೆ. ಸುತ್ತೋಲೆಯ ಪ್ರತಿ ಮತ್ತು ಐದು ಫ್ಲಾಪಿ ಕಳಿಸಿಕೊಟ್ಟೆ. ಎರಡು ದಿನಕ್ಕೆ ಸುತ್ತೋಲೆ ವಾಪಸ್ ಬಂತು. ಕೆಳಗೆ ದುಂಡನೆಯ ಅಕ್ಷರದಲ್ಲಿ ‘ನೋಡಿದೆ’, ಸಹಿ, ತಾರೀಕು. ಟಿಕ್ ಹಾಕಿದೆ. ನಲವತ್ತೊಂದೂ ತುಂಬಿತು. ಹೊಸ ಹಂದರವನ್ನು ಜಗತ್ತಿಗೆ ಬಿಟ್ಟೆವು. ಯಜಮಾನ ಒಂದು ಸಾಲಿನಲ್ಲಿ ಶಹಬ್ಬಾಸ್ ಎಂದು ಬರೆದ. ಪಿ.ಜೆ. ಬಡಾವಣೆಯ ಹೋಟೆಲಿಗೆ ಹೋಗಿ ಎರಡು ಬೆಣ್ಣೆ ದೋಸೆ ತಿಂದೆ. ಎರಡನೆಯದನ್ನು ತಿಂದದ್ದು ಆ ಜರ್ಮನಿಯವನ ಹೊಟ್ಟೆ ಉರಿಯಲಿ ಎಂದು.

ಶನಿವಾರ ನಾನೂ ಹರಿಹರಕ್ಕೆ ಹೋದೆ. ‘ದಾವಣಗೆರೆಯಿಂದ ಬಂದ ತಜ್ಞರು’ ಎಂದು ಮುಂದಿನ ಸಾಲಿನಲ್ಲಿ ಕೂರಿಸಿದರು. ಮಾನಿಟರಿಗೆ ಮಲ್ಲಿಗೆ ಮಾಲೆ ಹಾಕಿದ್ದರು, ಊದಿನಕಡ್ಡಿ ಹಚ್ಚಿದ್ದರು. ಮಂಡಳಿಯಿಂದ ಮೂವರು ಬಂದಿದ್ದರು: ಜವಳಿ ಅಂಗಡಿ ಇಟ್ಟಿದ್ದ ಅಧ್ಯಕ್ಷರು, ಅಕ್ಕಿ ಗಿರಣಿ ನಡೆಸುತ್ತಿದ್ದ ಕಾರ್ಯದರ್ಶಿಗಳು, ಲಾರಿಗಳ ಮಾಲೀಕರಾದ ಇನ್ನೊಬ್ಬ ಸದಸ್ಯರು. ಮೇಜಿನ ಮೇಲೆ ತಿಪ್ಪೇಸ್ವಾಮಿಯವರ ಕಾಯಂ ಆದೇಶದ ಫೈಲು. ಹೊರಗೆ ಗೇಟಿನ ಹತ್ತಿರ ಪರೀಕ್ಷೆ ಬರೆದ ಹುಡುಗರು, ಹುಡುಗಿಯರು, ಅವರ ಮನೆಯವರು ಪಟ್ಟಿಗಾಗಿ ಕಾಯುತ್ತಿದ್ದರು. ಇದ್ದದ್ದು ನಲವತ್ತು ಸೀಟು, ಬರೆದವರು ಮುನ್ನೂರು ಚಿಲ್ಲರೆ. ಪರೀಕ್ಷೆ ನೂರೈವತ್ತು ಅಂಕಗಳದ್ದು.

ತಿಪ್ಪೇಸ್ವಾಮಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಕೀಲಿಮಣೆ ಒತ್ತಿದರು. ಪಟ್ಟಿ ಬಂತು. ನೀಲಿ ಗೆರೆ, ಹಳದಿ ಹಿನ್ನೆಲೆ, ನೋಡಲು ಲಗ್ನಪತ್ರಿಕೆಯ ಹಾಗಿತ್ತು.

ಕಾರ್ಯದರ್ಶಿಗಳು ಕನ್ನಡಕ ಏರಿಸಿ, ಕುರ್ಚಿಯಿಂದ ಎದ್ದೇಬಿಟ್ಟರು. ‘ಏ, ಇಲ್ ನೋಡ್ರಿ! ನಮ್ಮ ವಿನಯ! ನನ್ನ ಮೊಮ್ಮಗ! ಫಸ್ಟ್ ಬಂದಾನೆ!’

‘ಹೌದಲ್ರಿ! ಎಷ್ಟು ತಗಂಡಾನೆ?’ ಎಂದರು ಲಾರಿ ಮಾಲೀಕರು.

‘ತೊಂಬತ್ತೆಂಟು.’

‘ನೂರೈವತ್ತಕ್ಕೆ ತೊಂಬತ್ತೆಂಟೇ ಫಸ್ಟ್ ಅಂದ್ರ ಪೇಪರ್ ಭಾಳ ಕಷ್ಟ ಇತ್ತು ಕಾಣ್ತೈತೆ,’ ಎಂದು ಅಧ್ಯಕ್ಷರು ತಲೆದೂಗಿದರು. ‘ನೋಡ್ರಿ, ಕಂಪ್ಯೂಟರ್ ಅಂದ್ರ ಇದು. ಮನುಷ್ಯಾರು ಪಟ್ಟಿ ಮಾಡಿದ್ರ ವಶೀಲಿ ನಡೀತೈತೆ. ಇದಕ್ಕ ಯಾರ ಮುಲಾಜಿಲ್ಲ.’

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ತಿಪ್ಪೇಸ್ವಾಮಿ ಮಾತ್ರ ಪರದೆಯನ್ನೇ ನೋಡುತ್ತಿದ್ದರು. ಪಟ್ಟಿಯನ್ನು ತಳದವರೆಗೆ ಸರಿಸಿದರು, ಮತ್ತೆ ಮೇಲೆ ತಂದರು. ನನ್ನ ಹತ್ತಿರ ಬಗ್ಗಿ, ‘ಮೇಡಂ, ಕೆಟ್ಟೈತ್ರಿ’ ಎಂದು ಪಿಸುಗುಟ್ಟಿದರು. ‘ನೂರು ದಾಟಿದೋರೆಲ್ಲ ತಳಕ್ಕ ಹೋಗ್ಯಾರ. ಹದಡಿ ಊರಿನ ಹುಡುಗಿ ಒಬ್ಬಾಕಿ ನೂರ ನಲವತ್ತೆರಡು ತಗಂಡಾಳ್ರಿ, ಆಕಿ ಪೇಪರ್ ನಾನೇ ನೋಡೀನಿ. ಆಕಿ ಪಟ್ಟಿ ಬಾಲದಾಗ ಅದಾಳೆ.’

ಆಗ ನನಗೆ ಏಳನೇ ಅಂಶದ ಅರ್ಥ ತಿಳಿಯಿತು. ನಿಘಂಟಿನಲ್ಲಿ ಪದಗಳನ್ನು ಮೊದಲ ಅಕ್ಷರ ನೋಡಿ ಜೋಡಿಸುತ್ತಾರಲ್ಲ, ಹೊಸ ಹಂದರ ಅಂಕಗಳನ್ನೂ ಹಾಗೇ ಜೋಡಿಸಿತ್ತು. ತೊಂಬತ್ತೆಂಟರ ಮೊದಲು ಒಂಬತ್ತಿದೆ, ನೂರ ನಲವತ್ತೆರಡರ ಮೊದಲು ಒಂದಿದೆ. ಒಂಬತ್ತು ಒಂದಕ್ಕಿಂತ ದೊಡ್ಡದು, ಅಷ್ಟೇ ಅದರ ಲೆಕ್ಕ. ತಿಪ್ಪೇಸ್ವಾಮಿ ಮನೆಪಾಠದ ಹುಡುಗರ ಐವತ್ತು ಅಂಕದ ಕಿರುಪರೀಕ್ಷೆ ಹಾಕಿ ನೋಡಿದ್ದರಂತೆ. ಅಲ್ಲಿ ಎಲ್ಲವೂ ಎರಡೆರಡು ಅಂಕಿ, ಹಾಗಾಗಿ ಪಟ್ಟಿ ಸರಿಯಾಗಿಯೇ ಬಂದಿತ್ತು.

ಅಧ್ಯಕ್ಷರು ಪೆನ್ನಿನ ಕ್ಯಾಪು ತೆಗೆದರು, ಫೈಲು ಎಳೆದುಕೊಂಡರು. ‘ಪ್ರಿಂಟ್ ಹಾಕಿ ಬೋರ್ಡಿಗೆ ಹಚ್ಚಪ್ಪ, ಮಂದಿ ಕಾಯಾಕ ಹತ್ತ್ಯಾರೆ’ ಎಂದರು.

ಮುಂದೆ ನಾನು ಮಾಡಿದ್ದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ತಿಪ್ಪೇಸ್ವಾಮಿಯವರ ತೋಳು ಹಿಡಿದು, ‘ಸುಮ್ನಿರ್ರಿ. ಮೊದ್ಲು ಸಹಿ ಆಗ್ಲಿ. ಆಮ್ಯಾಲೆ ನೋಡ್ಕಳಣ’ ಎಂದೆ. ಹೊರಗೆ ಆ ಹುಡುಗಿ ಬೋರ್ಡು ನೋಡಿ ಮನೆಗೆ ಹೋಗಿಬಿಡುತ್ತಾಳೆ ಎಂದು ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು. ಆದರೂ ಹಾಗೆ ಹೇಳಿದೆ. ಹನ್ನೊಂದು ವರ್ಷ ಕಾದ ಮನುಷ್ಯನ ಬಾಯಿಗೆ ಬಂದ ತುತ್ತು, ನನ್ನ ತಪ್ಪಿನಿಂದ ಜಾರಬಾರದು ಎಂಬುದಷ್ಟೇ ತಲೆಯಲ್ಲಿತ್ತು. ನನ್ನ ತಪ್ಪು ಹೊರಗೆ ಬರಬಾರದು ಎಂಬುದೂ ಇತ್ತು.

ಹನ್ನೊಂದು ವರ್ಷ ‘ಹ್ಞೂಂ ಸರ್’ ಬಿಟ್ಟು ಬೇರೆ ಮಾತಾಡದ ತಿಪ್ಪೇಸ್ವಾಮಿ ನನ್ನ ಕೈ ಬಿಡಿಸಿಕೊಂಡರು.

‘ಸರ್, ಸಹಿ ಬ್ಯಾಡ್ರಿ. ಪಟ್ಟಿ ತಪ್ಪೈತ್ರಿ.’

ಕಾರ್ಯದರ್ಶಿಗಳಿಗೆ ರೇಗಿತು. ‘ಏನು ತಪ್ಪು? ನಮ್ಮ ಹುಡುಗ ಫಸ್ಟ್ ಬಂದಿದ್ದೇ ತಪ್ಪೇನು? ಈಗ ತಾನೇ ಅಧ್ಯಕ್ಷರು ಇದಕ್ಕ ಮುಲಾಜಿಲ್ಲ ಅಂದ್ರು!’

ನಾನು ಎದ್ದು ನಿಂತೆ. ‘ಇವರದ್ದಲ್ರಿ ಸರ್, ತಪ್ಪು ನಂದು. ನಾನು ಕೊಟ್ಟ ಪ್ರೋಗ್ರಾಮಿನಾಗ ದೋಷ ಐತೆ’ ಎಂದೆ. ಅಧ್ಯಕ್ಷರ ಕಡೆ ತಿರುಗಿ, ‘ನಿಮ್ಮ ಅಂಗಡಿ ಆಳು ಮೊದಲ್ನೇ ಅಂಕಿ ಒಂದೇ ನೋಡಿ, ಒಂಬತ್ತು ಮೀಟರ್ ಬಟ್ಟೆ ಹದಿನಾಲ್ಕು ಮೀಟರಿಗಿಂತ ಉದ್ದ ಅಂದ್ರೆ ಹೆಂಗೋ, ಇದೂ ಹಂಗೇ ಮಾಡೈತ್ರಿ’ ಎಂದು ವಿವರಿಸಿದೆ.

ವ್ಯಾಪಾರಸ್ಥರಿಗೆ ಅದು ಥಟ್ಟನೆ ಅರ್ಥವಾಯಿತು. ಆದರೆ ಅರ್ಥವಾದದ್ದು ಸಂತೋಷ ಕೊಡಲಿಲ್ಲ. ಅಧ್ಯಕ್ಷರು ಪೆನ್ನಿಗೆ ಕ್ಯಾಪು ಹಾಕಿದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಮೇಡಮ್ಮಾರು ಭಾಳ ಚಲೋ ಬಿಡಿಸಿ ಹೇಳ್ತೀರಿ. ನೀವೇ ಯಾಕ ನಮ್ಮಲ್ಲಿಗೆ ಬರಬಾರ್ದು? ಹುದ್ದೆ ಐತೆ’ ಎಂದರು!

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಿಪ್ಪೇಸ್ವಾಮಿಯವರನ್ನು ಕಾಪಾಡಲು ಬಾಯಿ ತೆರೆದರೆ ಅವರ ಕುರ್ಚಿಯನ್ನೇ ನನಗೆ ಹಾಕುತ್ತಿದ್ದಾರೆ. ‘ತಪ್ಪು ಮಾಡಿದೋಳಿಗೆ ಹುದ್ದೆ ಕೊಡ್ತೀರಿ, ತಪ್ಪು ಹಿಡಿದೋರಿಗೆ ಕೊಡಲ್ಲೇನ್ರಿ?’ ಎಂದು ಕೇಳಿಯೇಬಿಟ್ಟೆ. ನನ್ನ ನಾಲಿಗೆ ಮೊದಲಿಂದಲೂ ಸ್ವಲ್ಪ ಉದ್ದ. ಅಧ್ಯಕ್ಷರು ಮುಖ ಗಂಟು ಹಾಕಿಕೊಂಡರು. ‘ಸೋಮವಾರ ಮಧ್ಯಾಹ್ನ ಬರ್ತೀವಿ. ಪಟ್ಟಿ ಸರಿ ಇದ್ರ ನೋಡಣ. ಇಲ್ಲಂದ್ರ ನಿನ್ನ ದಾರಿ ನೀನು ನೋಡ್ಕ ತಿಪ್ಪೇಸ್ವಾಮಿ’ ಎಂದು ಎದ್ದು ಹೋದರು. ಗೇಟಿನಲ್ಲಿ ಕಾಯುತ್ತಿದ್ದವರಿಗೆ ಜವಾನ ‘ಸೋಮವಾರ ಬರ್ರಿ, ಕಂಪ್ಯೂಟರಿಗೆ ಹುಷಾರಿಲ್ಲ’ ಎಂದ.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ಮತ್ತೆ ಹರಿಹರಕ್ಕೆ ಹೋದೆ. ತಿಪ್ಪೇಸ್ವಾಮಿ ಆಗಲೇ ಬಂದು ಲ್ಯಾಬು ಗುಡಿಸಿ ಕೂತಿದ್ದರು. ‘ಇದು ಅಂಕಿ’ ಎಂದು ಹೇಳುವ ಒಂದು ಸಾಲು ಸೇರಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಸೇರಿಸಿದ ಕೂಡಲೇ ಪ್ರೋಗ್ರಾಮು ನಿಂತೇಹೋಯಿತು. ಗೈರುಹಾಜರಾದವರ ಮುಂದೆ ಗುಮಾಸ್ತರು ಅಂಕದ ಬದಲು ಒಂದು ಗೀಟು ಎಳೆದಿದ್ದರು. ಗೀಟನ್ನು ಕಂಡು ಹೊಸ ಹಂದರ ‘ಇದು ಅಂಕಿಯಲ್ಲ’ ಎಂದು ಮುನಿಸಿಕೊಂಡಿತು. ಅದನ್ನು ಸರಿ ಮಾಡಿದರೆ ಒಟ್ಟು ಅಂಕದ ಜಾಗ ಕೆಟ್ಟಿತು, ಅದು ಸರಿಯಾದರೆ ಇನ್ನೊಂದು. ಹನ್ನೊಂದು ಕಡೆ ಕೈ ಹಾಕಬೇಕಾಯಿತು. ನಡುವೆ ಕರೆಂಟು ಹೋಗಿ ಮೂರು ಗಂಟೆ ಬರಲಿಲ್ಲ. ಆ ಮೂರು ಗಂಟೆ ತಿಪ್ಪೇಸ್ವಾಮಿ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ, ಅಂಕಗಳನ್ನು ಒಂದೊಂದಾಗಿ ಓದಿದರು, ನಾನು ಕಾಗದದ ಮೇಲೆ ಕೈಯಲ್ಲೇ ಪಟ್ಟಿ ಮಾಡಿದೆ. ಸಂಜೆ ಕಂಪ್ಯೂಟರಿನ ಪಟ್ಟಿಯನ್ನೂ ಕೈಯ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ತಾಳೆ ನೋಡಿದೆವು. ಮುನ್ನೂರು ಚಿಲ್ಲರೆ ಹೆಸರು, ಒಂದೂ ಬಿಡದೆ. ಪರೀಕ್ಷಿಸುವುದು ಎಂದರೆ ಏನೆಂದು ನಾನು ಆ ದಿನ ಕಲಿತೆ. ಅಷ್ಟು ಹೊತ್ತಿಗೆ ನನಗೆ ನೌಕರಿಯಾಗಿ ಹದಿಮೂರು ವರ್ಷ.

ಸೋಮವಾರ ಬೆಳಿಗ್ಗೆ ಹದಡಿಯ ಹುಡುಗಿಯ ಹೆಸರು ಬೋರ್ಡಿನ ಮೊದಲ ಸಾಲಿನಲ್ಲಿತ್ತು. ವಿನಯನ ಹೆಸರು ನಲವತ್ತರೊಳಗೆ ಇರಲಿಲ್ಲ. ಮಧ್ಯಾಹ್ನ ಅಧ್ಯಕ್ಷರು ಬಂದು, ಪಟ್ಟಿ ನೋಡಿ, ಒಂದೂ ಮಾತಾಡದೆ ಫೈಲಿಗೆ ಸಹಿ ಹಾಕಿದರು. ತಿಪ್ಪೇಸ್ವಾಮಿ ಕಾಯಂ ಆದರು. ಸುದ್ದಿ ಕೇಳಿ ನಾನು ಕಾಲೇಜಿನ ಸ್ಟೋರ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅಷ್ಟು ಖುಷಿ ನನಗೆ ನನ್ನ ಆದೇಶ ಬಂದಾಗಲೂ ಆಗಿರಲಿಲ್ಲ.

ಹೆಡ್ ಸರ್ ಶುಕ್ರವಾರವೇ ಫೋನಿಗೆ ಬೀಗ ಹಾಕಿ ಯಾರದೋ ಮದುವೆಗೆ ಹೋಗಿದ್ದವರು ಆ ಸೋಮವಾರ ಬಂದರು. ಬೀಗ ತೆಗೆದರೆ ಇ-ಮೇಲ್ ಮೇಲೆ ಇ-ಮೇಲ್. ಚೆಸ್ ಕ್ಲಬ್ಬಿನವರು ಶುಕ್ರವಾರ ಬೆಳಿಗ್ಗೆಯೇ ಬರೆದಿದ್ದರು: ಹೊಸ ಹಂದರ ಹಾಕಿದ ಮೇಲೆ ತಮ್ಮ ಕ್ಲಬ್ಬಿನ ಅತಿ ಕಳಪೆ ಆಟಗಾರ ಪಟ್ಟಿಯಲ್ಲಿ ಮೊದಲಿಗನಾಗಿದ್ದಾನೆ, ಅವನು ನಮ್ಮ ತಂಡಕ್ಕೆ ಕೃತಜ್ಞತೆ ತಿಳಿಸಿದ್ದಾನೆ, ಉಳಿದವರು ತಿಳಿಸಿಲ್ಲ. ಆ ಪತ್ರ ಶುಕ್ರವಾರವೇ ಕೈಗೆ ಸಿಕ್ಕಿದ್ದರೆ ಶನಿವಾರದ ಮಾನ ಉಳಿಯುತ್ತಿತ್ತು. ಹೆಡ್ ಸರ್‌ಗೆ ಹೇಳಿದೆ. ‘ನೋಡಿದ್ರಾ? ಪುಕ್ಕಟೆ ಸಿಕ್ಕಿದ್ದು ಹಿಂಗೇ ಆಗ್ತೈತೆ’ ಎಂದರು.

ಅದೇ ಅರ್ಧ ಗಂಟೆಯಲ್ಲಿ ತಂಡಕ್ಕೆ ನನ್ನ ತಪ್ಪೊಪ್ಪಿಗೆ ಬರೆದೆ. ಒಬ್ಬನನ್ನು ಬಿಟ್ಟು ಯಾರೂ ಸರಿಯಾಗಿ ಪರೀಕ್ಷಿಸಿಲ್ಲ, ನಾನು ಸುಮ್ಮನೆ ಟಿಕ್ ಹಾಕಿದ್ದೇನೆ, ಹೊಸ ಹಂದರ ವಾಪಸ್ ತೆಗೆಯಬೇಕು ಎಂದೆ. ತೆಗೆದರು. ಮತ್ತೆ ಬಿಡಲು ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳು ‘ನೋಡಿದೆ’ ಎಂದು ಬರೆದವರಿಗೆಲ್ಲ ‘ಏನು ನೋಡಿದಿರಿ? ಯಾವ ಅಂಕಿ ಹಾಕಿದಿರಿ? ಏನು ಬಂತು?’ ಎಂದು ಕೇಳಿ ಜೀವ ತಿಂದೆ. ಆಗ ನನ್ನನ್ನು ಕಿರಿಕಿರಿ ಹೆಂಗಸು ಎಂದು ನಲವತ್ತು ಜನ ಬೈದಿರಬೇಕು. ಜರ್ಮನಿಯವನು ಮಾತ್ರ ‘ಒಂದು: ಸಂತೋಷ’ ಎಂದು ಬರೆದ, ಎರಡು ಇರಲಿಲ್ಲ. ಈಗಿನ ನಿಮಗೆ ಇದೆಲ್ಲ ತಮಾಷೆ ಅನ್ನಿಸಬಹುದು. ಈಗ ನೀವು ಒಂದು ಗುಂಡಿ ಒತ್ತಿದರೆ ಯಂತ್ರವೇ ಸಾವಿರ ಪರೀಕ್ಷೆ ಮಾಡಿ ಹಸಿರು ಟಿಕ್ ತೋರಿಸುತ್ತದೆ. ಆ ಹಸಿರು ಟಿಕ್ ಕಂಡಾಗ ಒಂದು ಸಲ ಕೇಳಿಕೊಳ್ಳಿ, ಯಂತ್ರಕ್ಕೆ ಪರೀಕ್ಷೆ ಬರೆದುಕೊಟ್ಟವರು ಮೂರಂಕಿ ಹಾಕಿ ನೋಡಿದ್ದರೋ, ಎರಡಂಕಿಯಲ್ಲೇ ನಿಲ್ಲಿಸಿದ್ದರೋ ಎಂದು.

ಎರಡು ವರ್ಷದ ಮೇಲೆ ಒಂದು ಮದುವೆ ಊಟದಲ್ಲಿ ಆ ಅಕ್ಕಿ ಗಿರಣಿಯ ಕಾರ್ಯದರ್ಶಿಗಳು ನನ್ನ ಪಕ್ಕದ ಎಲೆಗೆ ಬಂದು ಕೂತರು. ಹಳೆಯ ಸಿಟ್ಟು ಕರಗಿತ್ತು. ಹೋಳಿಗೆ ಮುರಿಯುತ್ತಾ ಹೇಳಿದರು: ‘ಏನ್ ಪಟ್ಟಿ, ಏನ್ ಕಂಪ್ಯೂಟರ್ ಬಿಡ್ರಿ ಮೇಡಮ್ಮಾರ. ಆ ಹುದ್ದಿಗೆ ಅಧ್ಯಕ್ಷರ ಅಳಿಯ ಒಬ್ಬ, ಲಾರಿಯೋರ ತಮ್ಮನ ಮಗ ಒಬ್ಬ, ನಮ್ಮ ಕಡೆಯೋನು ಒಬ್ಬ. ಶನಿವಾರ ಸಂಜೀನಾಗ ಮೂರೂ ಮಂದಿ ಕುಂತು ಜಗಳಾಡಿದ್ವಿ. ಒಬ್ಬರಿಗೆ ಕೊಟ್ರೆ ಇಬ್ಬರು ಬಿಡಂಗಿಲ್ಲ. ಕಡೀಗೆ ಯಾರ ಕಡೆಯೋನೂ ಅಲ್ಲದೋನು ಅಂದ್ರ ತಿಪ್ಪೇಸ್ವಾಮಿ ಒಬ್ಬನೇ. ಅವಗೇ ಇರ್ಲಿ ಅಂತ ಅವತ್ತೇ ಠರಾವಾತು. ಸೋಮವಾರ ಪಟ್ಟಿ ಹೆಂಗಿದ್ರೂ ಸಹಿ ಬೀಳ್ತಿತ್ತು.’

ತಿಪ್ಪೇಸ್ವಾಮಿ ಆ ಹುದ್ದೆ ತಾವು ದುಡಿದು ಗಳಿಸಿದ್ದು ಎಂದುಕೊಂಡಿದ್ದಾರೆ, ಹಾಗೇ ಇರಲಿ ಎಂದು ಅವರಿಗೆ ನಾನು ಹೇಳಲಿಲ್ಲ. ಇಪ್ಪತ್ತು ವರ್ಷ ಹೇಳಲಿಲ್ಲ.

ಅವರೂ ನಿವೃತ್ತರಾದ ಮೇಲೆ ಹರಿಹರದ ಅವರ ಮನೆಗೆ ಒಮ್ಮೆ ಹೋಗಿದ್ದೆ. ‘ಬರ್ರಿ ಮೇಡಂ, ಕೂಡ್ರಿ’ ಎಂದು ಜಗಲಿಯ ಮೇಲೆ ಚಾಪೆ ಹಾಸಿದರು. ಚಹಾ ಕುಡಿಯುತ್ತಾ, ಇನ್ನು ಯಾರಿಗೂ ನಷ್ಟವಿಲ್ಲ ಎಂದು ಮದುವೆ ಊಟದ ಮಾತನ್ನೆಲ್ಲ ಹೇಳಿಬಿಟ್ಟೆ. ಹೇಳುವಾಗ ಅವರ ಮುಖ ನೋಡಲಿಲ್ಲ.

‘ಅದು ನನಗೆ ಶನಿವಾರ ರಾತ್ರೀನೇ ಗೊತ್ತಾಗಿತ್ತು ಮೇಡಂ,’ ಎಂದರು. ‘ಅವರು ಜಗಳಾಡೋದನ್ನ ಜವಾನ ಬಾಗಿಲ ಹೊರಗ ನಿಂತು ಕೇಳಿಸ್ಕಂಡಿದ್ದ. ನಮ್ಮನಿಗೇ ಬಂದು ಹೇಳಿದ. ನಮ್ಮಾಕಿ ಅವತ್ತೇ ಪಾಯಸ ಮಾಡಿದ್ಲು.’

ನಾನು ಅವರ ಕಡೆ ತಿರುಗಿದೆ. ‘ಹಂಗಾದ್ರೆ ಭಾನುವಾರ ಇಡೀ ದಿನ ಕುಂತು ಯಾಕ್ರಿ ಜೀವ ತೇದಿರಿ? ನಿಮ್ಮ ನೌಕರಿ ಉಳಿಸಬೇಕು ಅಂತ ನಾನು ಊಟ ಬಿಟ್ಟು ಬರೆದೆ!’

ತಿಪ್ಪೇಸ್ವಾಮಿ ಲೋಟ ಕೆಳಗಿಟ್ಟರು. ನಾನು ಇಷ್ಟೊಂದು ಓದಿಕೊಂಡವಳು ಇಂಥ ಪ್ರಶ್ನೆ ಕೇಳುತ್ತೇನಲ್ಲ ಎಂಬ ಹಾಗೆ ನೋಡಿದರು.

‘ಪಟ್ಟಿ ತಪ್ಪಿತ್ತಲ್ರಿ ಮೇಡಂ’ ಎಂದರು.